ಸಿಎಸ್‌ವಿ ತೆರೆದರೆ ಕನ್ನಡ ಹೆಸರು ಚಿಂದಿ, ಎಚ್‌ಎಸ್‌ಎನ್‌ನ ಸೊನ್ನೆ ಮಾಯ: ನನ್ನ ಅನುಭವ

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಐಟಂ ಪಟ್ಟಿಯನ್ನು ಸಿಎಸ್‌ವಿಯಾಗಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಟೆಕ್ಸ್ಟ್ ಫೈಲ್) ಮಾತ್ರ ಕೊಡುತ್ತದೆ. ಎಕ್ಸೆಲ್ ಫೈಲ್ ಕೊಡುವ ಬಟನ್ನೇ ಇಲ್ಲ. ಸಹಾಯ ಪುಟದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಹೆಸರುಗಳು 'à²' ತರಹದ ಕಸ. ಕಾಫಿಯ ಎಚ್‌ಎಸ್‌ಎನ್ (ಜಿಎಸ್‌ಟಿ ಬಿಲ್ಲಿನಲ್ಲಿ ಸರಕನ್ನು ಗುರುತಿಸುವ ಕೋಡ್) 0901 ಬರೀ 901.

ಫಾಂಟ್ ಬದಲಿಸಿದೆ, ಉಪಯೋಗವಿಲ್ಲ. ಕಾಲಂ ಅನ್ನು ಟೆಕ್ಸ್ಟ್ ಮಾಡಿದೆ. ತೆರೆದಾಗಲೇ ಸೊನ್ನೆ ಹೋಗಿರುತ್ತದೆ, ಆಮೇಲೆ ಏನು ಮಾಡಿದರೂ ತಡ. 0000 ಫಾರ್ಮ್ಯಾಟ್ ನಾಲ್ಕಂಕಿಗೆ ಸರಿ, ಎಂಟಂಕಿ ಕೋಡ್‌ಗೆ ಅಲ್ಲ.

ಕೆಲಸ ಮಾಡಿದ್ದು ಇದು. ಫೈಲ್ ಮೇಲೆ ಕ್ಲಿಕ್ ಮಾಡಬೇಡಿ. ಖಾಲಿ ಶೀಟ್ ತೆರೆದು ಡೇಟಾ ಟ್ಯಾಬ್‌ನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ. ಕನ್ನಡ ಸರಿಯಾಗಿ ಕಾಣಲು ಫೈಲ್ ಒರಿಜಿನ್ '65001: ಯೂನಿಕೋಡ್ (ಯುಟಿಎಫ್-8)'. ಡೇಟಾ ಟೈಪ್ ಡಿಟೆಕ್ಷನ್‌ನಲ್ಲಿ 'ಡು ನಾಟ್ ಡಿಟೆಕ್ಟ್ ಡೇಟಾ ಟೈಪ್ಸ್'. ಸೊನ್ನೆ ಉಳಿಸುವುದು ಇದೇ. ಆಮೇಲೆ ಲೋಡ್ ಅಲ್ಲ, 'ಟ್ರಾನ್ಸ್‌ಫಾರ್ಮ್ ಡೇಟಾ'. ಶೀರ್ಷಿಕೆಗಳು 'ಕಾಲಂ1' ಅಂತ ಬಂದಿದ್ದರೆ 'ಯೂಸ್ ಫಸ್ಟ್ ರೋ ಆಸ್ ಹೆಡರ್ಸ್' ಒತ್ತಿ. ಇದು ತಾನಾಗಿಯೇ 'ಚೇಂಜ್ಡ್ ಟೈಪ್' ಹಂತ ಸೇರಿಸಿದರೆ ಬಲಗಡೆಯ ಪಟ್ಟಿಯಿಂದ ಅಳಿಸಿ, ಇಲ್ಲದಿದ್ದರೆ ಸೊನ್ನೆ ಮತ್ತೆ ಹೋಗುತ್ತದೆ. ಬೆಲೆಯ ಕಾಲಂ ಮಾತ್ರ ಡೆಸಿಮಲ್ ಮಾಡಿ, ನಂತರ 'ಕ್ಲೋಸ್ ಅಂಡ್ ಲೋಡ್'.

ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ವಾಪಸ್ ಹಾಕಲು 'ಸಿಎಸ್‌ವಿ ಯುಟಿಎಫ್-8' ಆಗಿ ಉಳಿಸಿ. ಪರೀಕ್ಷೆಗೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಎಕ್ಸೆಲ್‌ನಲ್ಲಿ ಬೇಡ.