ಹೊಟ್ಟೆಹುಣ್ಣಿನ ಮಾತ್ರೆ: ನುಂಗುವ ಹೊತ್ತೇ ಮುಖ್ಯ

ಹೊಟ್ಟೆಹುಣ್ಣಿಗೆಂದು ವೈದ್ಯರು ಬರೆದುಕೊಟ್ಟ 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ನಮ್ಮ ಸೋದರಮಾವ ಎರಡು ವಾರ ಇಡ್ಲಿ ತಿಂದು, ಕಾಫಿ ಕುಡಿದು, ಬಿ.ಪಿ. ಮಾತ್ರೆಯ ಜೊತೆಗೇ ನುಂಗಿದರು. ಗಂಟಲಲ್ಲಿ ಇಳಿಯದೆಂದು ಚಾಕುವಿನಿಂದ ಎರಡು ಹೋಳು ಮಾಡಿಕೊಂಡದ್ದೂ ಉಂಟು. ಉರಿ ತಗ್ಗದಿದ್ದಾಗ ಮಾತ್ರೆಯನ್ನೇ ಬೈದರು.

ಮೊದಲು, ಹುಣ್ಣು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದಿಂದ ಆದದ್ದೋ, ನೋವಿನ ಮಾತ್ರೆಗಳಿಂದ ಆದದ್ದೋ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಎರಡನೆಯದು ಹೊತ್ತು, ಹೆಚ್ಚಿನವರು ಎಡವುವುದು ಇಲ್ಲೇ. ಜಠರದಲ್ಲಿ ಆಮ್ಲ ಸುರಿಸುವ ಸೂಕ್ಷ್ಮ ಪಂಪುಗಳು ಚುರುಕಾಗುವುದು ಆಹಾರ ಬಿದ್ದಾಗ, ಈ ಔಷಧಿ ಹಿಡಿದು ನಿಲ್ಲಿಸುವುದು ಓಡುತ್ತಿರುವ ಪಂಪುಗಳನ್ನು ಮಾತ್ರ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಒಂದು ಗಂಟೆಯಲ್ಲೇ ಅರ್ಧಕ್ಕಿಳಿಯುವುದರಿಂದ, ತಿಂಡಿ ಹೊಟ್ಟೆಗೆ ಸೇರುವ ವೇಳೆಗೆ ಔಷಧಿ ರಕ್ತದಲ್ಲಿ ಸಿದ್ಧವಾಗಿರಬೇಕು. ಆದ್ದರಿಂದ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ಬರಿಯ ನೀರಿನಲ್ಲಿ, ಇಡಿಯಾಗಿ ನುಂಗಬೇಕು. ಮಾತ್ರೆಯ ಮೇಲಿನ ನುಣುಪಾದ ಹೊದಿಕೆ ಸಣ್ಣಕರುಳಿನಲ್ಲಿ ಕರಗುವಂಥದ್ದು. ಹೋಳು ಮಾಡಿದರೆ ಒಳಗಿನ ಔಷಧಿಯನ್ನು ಜಠರದ ಆಮ್ಲವೇ ಕೆಡಿಸುತ್ತದೆ. ಸ್ಟ್ರಿಪ್ಪನ್ನು ಊಟದ ಮೇಜಿನ ಮೇಲಲ್ಲ, ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಡಿ: ಮಾತ್ರೆ ನುಂಗಿ, ಸ್ನಾನ ಮುಗಿಸಿ, ಬಟ್ಟೆ ಉಟ್ಟು ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಕಾಫಿಯೂ ಅಲ್ಲಿಯವರೆಗೆ ಕಾಯಲಿ. ಪೂರ್ಣ ಪರಿಣಾಮಕ್ಕೆ ಕೆಲವು ದಿನ ಬೇಕಾದ್ದರಿಂದ ಮೊದಲ ದಿನವೇ ಎರಡೆರಡು ನುಂಗಬೇಡಿ.

ಅಂಗಡಿಯಲ್ಲಿ ‘ಗ್ಯಾಸ್ ಮಾತ್ರೆ’ ಎಂದು ಕೇಳಿದರೆ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸೂಲ್ ಕೈಗೆ ಬರುವುದುಂಟು. ಡೊಂಪೆರಿಡೋನ್ ವಾಕರಿಕೆಯ ಔಷಧಿ, ಹುಣ್ಣು ಮಾಯಲು ಬೇಕಿಲ್ಲ, ಹೃದಯದ ಬಡಿತದ ತೊಂದರೆ ಇರುವವರಿಗೆ ಅಪಾಯಕಾರಿಯೂ ಹೌದು. ಚೀಟಿಯಲ್ಲಿ ಇದ್ದುದನ್ನೇ ಕೊಳ್ಳಿ.

ಬ್ಯಾಕ್ಟೀರಿಯಾ ಪತ್ತೆಯಾದರೆ ಪ್ಯಾಂಟೊಪ್ರಜೋಲನ್ನೇ ದಿನಕ್ಕೆರಡು ಬಾರಿ, ಕ್ಲಾರಿತ್ರೊಮೈಸಿನ್, ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯಾಟಿಕ್‌ಗಳ ಜೊತೆ, ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನದು, ಆದ್ದರಿಂದ ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಐದನೆಯ ದಿನಕ್ಕೆ ಉರಿ ಹೋಯಿತೆಂದು ನಿಲ್ಲಿಸಬೇಡಿ. ಬ್ಯಾಕ್ಟೀರಿಯಾ ಹೋಯಿತೇ ಎಂಬ ಉಸಿರಿನ ಅಥವಾ ಮಲದ ಪರೀಕ್ಷೆಯನ್ನು ಆ್ಯಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರಗಳ ನಂತರ ಮಾಡಿಸಬೇಕು. ಪರೀಕ್ಷೆಗೆ 2 ವಾರ ಮುಂಚೆ, ವೈದ್ಯರನ್ನು ಕೇಳಿ, ಪ್ಯಾಂಟೊಪ್ರಜೋಲನ್ನೂ ನಿಲ್ಲಿಸದಿದ್ದರೆ ಅಡಗಿರುವ ಬ್ಯಾಕ್ಟೀರಿಯಾ ಕಾಣದೇ ಹೋಗಬಹುದು.

ಮಾತ್ರೆಯ ಅವಧಿ ಸಾಮಾನ್ಯವಾಗಿ 4ರಿಂದ 8 ವಾರ. ಈ ನಡುವೆ ಮಲ ಡಾಂಬರಿನಂತೆ ಕಪ್ಪಾಗಿ ಅಂಟಾಗಿದ್ದರೆ, ಇಲ್ಲವೇ ವಾಂತಿಯಲ್ಲಿ ರಕ್ತ ಕಂಡರೆ, ಮುಂದಿನ ಮಾತ್ರೆಯ ಹೊತ್ತಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.