ಹಾಟ್‌ಸ್ಪಾಟ್‌ನಲ್ಲಿ ಫೋಟೊ ಬ್ಯಾಕಪ್ ನಿಂತರೆ ಎಲ್ಲೆಲ್ಲಿ ನೋಡಬೇಕು

ಮನೆಗೆ ಬ್ರಾಡ್‌ಬ್ಯಾಂಡ್ ಇಲ್ಲ. ಒಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಇನ್ನೊಂದು ಫೋನನ್ನೋ ಟ್ಯಾಬನ್ನೋ ಅದಕ್ಕೆ ಸೇರಿಸಿದ್ದೀರಿ. ಯೂಟ್ಯೂಬ್ ಓಡುತ್ತದೆ, ವಾಟ್ಸ್ಯಾಪ್ ಬರುತ್ತದೆ, ಮದುವೆಯ ಫೋಟೊ ಮಾತ್ರ ಕ್ಲೌಡ್‌ಗೆ ಹೋಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಆ್ಯಪ್ ತೆಗೆದು ಮತ್ತೆ ಹಾಕುತ್ತಾರೆ, ಇಲ್ಲವೇ ಫೋನನ್ನೇ ರೀಸೆಟ್ ಮಾಡುತ್ತಾರೆ. ಎರಡೂ ಬೇಡ. ಮೊದಲು ತಿಳಿಯಬೇಕಾದ್ದು ಇಷ್ಟೆ: ಫೋನು ಕಳಿಸಲು ಒಪ್ಪುತ್ತಿಲ್ಲವೋ, ಒಪ್ಪಿದರೂ ಕಳಿಸಲು ಆಗುತ್ತಿಲ್ಲವೋ? ಮೊದಲನೆಯದು ಸೆಟ್ಟಿಂಗ್ಸ್‌ನ ಸಮಸ್ಯೆ, ಎರಡನೆಯದು ನೆಟ್‌ವರ್ಕಿನದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಗೂಗಲ್ ಫೋಟೋಸ್ ತೆರೆದು ಬಲ ಮೇಲ್ಮೂಲೆಯ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ. ಅಲ್ಲಿ ವೈ-ಫೈಗೆ ಕಾಯುತ್ತಿದೆ ಎಂಬರ್ಥದ ಸಾಲು ಇದ್ದರೆ ಅದು ಒಪ್ಪದಿರುವ ಕೇಸು. ‘ಬ್ಯಾಕಿಂಗ್ ಅಪ್’ ಎಂದಿದ್ದು, ಉಳಿದ ಫೋಟೊಗಳ ಲೆಕ್ಕ ಹತ್ತು ನಿಮಿಷವಾದರೂ ಇಳಿಯದಿದ್ದರೆ ಆಗದಿರುವ ಕೇಸು. ಐಫೋನಿನಲ್ಲಿ ಫೋಟೋಸ್ ಆ್ಯಪ್‌ನಲ್ಲೇ ಈ ಸಾಲು ಸಿಗುತ್ತದೆ: ಐಒಎಸ್ 18ರಿಂದ ಈಚೆಗೆ ಪ್ರೊಫೈಲ್ ಚಿತ್ರ ಒತ್ತಿದರೆ, ಹಳೆಯದರಲ್ಲಿ ಲೈಬ್ರರಿಯ ತೀರಾ ಕೆಳಗೆ ಇಳಿದರೆ. ಕಾರಣವನ್ನೂ ಅಲ್ಲೇ ಬರೆದಿರುತ್ತದೆ. ಓದುವವರು ಕಡಿಮೆ, ಅಷ್ಟೆ.

ಇನ್ನೊಂದು ಮಾತು. ಫೋಟೊಗಳು ಹಾಟ್‌ಸ್ಪಾಟ್ ಕೊಡುತ್ತಿರುವ ಫೋನಿನಲ್ಲೇ ಇದ್ದರೆ ಈ ಬ್ಯಾಕಪ್‌ಗೂ ಹಾಟ್‌ಸ್ಪಾಟ್‌ಗೂ ಸಂಬಂಧವೇ ಇಲ್ಲ. ಆ ಫೋನಿನ ಮಟ್ಟಿಗೆ ಅದು ಬರೀ ಮೊಬೈಲ್ ಡೇಟಾ. ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಬಳಕೆಗೆ ದಿನದ ಮಿತಿ ಇರುತ್ತದೆ. ಅದನ್ನು ಬದಲಿಸಿ, ವಿಡಿಯೊಗೆ ಬೇರೆಯೇ ಇರುವ ಸ್ವಿಚ್ಚನ್ನೂ ಆನ್ ಮಾಡಿ. ಐಫೋನಿನಲ್ಲಾದರೆ ಫೋಟೋಸ್ ಸೆಟ್ಟಿಂಗ್ಸ್ › ಮೊಬೈಲ್ ಡೇಟಾ.

ಒಪ್ಪದ ಫೋನು

ಆ್ಯಂಡ್ರಾಯ್ಡ್ ಫೋನು ಹಾಟ್‌ಸ್ಪಾಟ್ ಕೊಡುವಾಗ ಸುಮ್ಮನೆ ವೈ-ಫೈ ಕೊಡುವುದಿಲ್ಲ. ಸೇರಲು ಬಂದ ಸಾಧನಕ್ಕೆ ಐಪಿ ವಿಳಾಸ ಹಂಚುವ ಹೊತ್ತಿಗೇ ‘ಆ್ಯಂಡ್ರಾಯ್ಡ್ ಮೀಟರ್ಡ್’ ಎಂಬ ಗುರುತನ್ನೂ ಜೊತೆಗೆ ಕಳಿಸುತ್ತದೆ. ಇದು ಲೆಕ್ಕದ ಡೇಟಾ, ನೋಡಿ ಖರ್ಚು ಮಾಡು ಎಂದು ಅದರ ಅರ್ಥ. ಆ ಕಡೆ ಇರುವುದೂ ಆ್ಯಂಡ್ರಾಯ್ಡ್ ಆದರೆ ಈ ಗುರುತು ಅದಕ್ಕೆ ಅರ್ಥವಾಗುತ್ತದೆ, ಫೋಟೊ ಬ್ಯಾಕಪ್‌ನಂಥ ಹಿನ್ನೆಲೆಯ ಭಾರದ ಕೆಲಸಗಳು ಕಾಯುತ್ತ ಕೂರುತ್ತವೆ. ನೀವಾಗಿಯೇ ತೆರೆದ ಯೂಟ್ಯೂಬ್‌ಗೆ ಈ ಅಂಕೆ ಇಲ್ಲ. ನೆಟ್ ಚೆನ್ನಾಗಿದೆಯಲ್ಲ ಎಂಬ ಗೊಂದಲ ಹುಟ್ಟುವುದು ಇಲ್ಲೇ.

ಬಿಡಿಸುವ ದಾರಿ, ಫೋಟೊಗಳಿರುವ ಫೋನಿನಲ್ಲಿ:

1. ಸೆಟ್ಟಿಂಗ್ಸ್ › ನೆಟ್‌ವರ್ಕ್ ಅಂಡ್ ಇಂಟರ್‌ನೆಟ್ › ಇಂಟರ್‌ನೆಟ್. ಸ್ಯಾಮ್‌ಸಂಗ್ ಆದರೆ ಸೆಟ್ಟಿಂಗ್ಸ್ › ಕನೆಕ್ಷನ್ಸ್ › ವೈ-ಫೈ.
2. ಸೇರಿರುವ ಹಾಟ್‌ಸ್ಪಾಟ್ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ. ಸ್ಯಾಮ್‌ಸಂಗ್‌ನಲ್ಲಿ ಇನ್ನೂ ‘ವ್ಯೂ ಮೋರ್’ ಒತ್ತಬೇಕು.
3. ‘ನೆಟ್‌ವರ್ಕ್ ಯೂಸೇಜ್’ ಅಥವಾ ‘ಮೀಟರ್ಡ್ ನೆಟ್‌ವರ್ಕ್’ ಎಂಬಲ್ಲಿ ‘ಡಿಟೆಕ್ಟ್ ಆಟೊಮ್ಯಾಟಿಕಲಿ’ ಎಂದಿರುತ್ತದೆ. ಅದನ್ನು ‘ಟ್ರೀಟ್ ಆ್ಯಸ್ ಅನ್‌ಮೀಟರ್ಡ್’ ಮಾಡಿ.
4. ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಗೂಗಲ್ ಫೋಟೋಸ್ ತೆರೆದು ಒಂದು ನಿಮಿಷ ಬಿಡಿ.

ಇಷ್ಟಕ್ಕೆ ಹೆಚ್ಚಿನವು ಶುರುವಾಗುತ್ತವೆ. ಆದರೆ ಇದಕ್ಕೆ ಬೆಲೆ ಇದೆ: ಈ ಹಾಟ್‌ಸ್ಪಾಟ್ ಪುಕ್ಕಟೆ ವೈ-ಫೈ ಎಂದು ನಂಬಿದ್ದು ಫೋಟೋಸ್ ಒಂದೇ ಅಲ್ಲ, ಇಡೀ ಫೋನು. ಪ್ಲೇ ಸ್ಟೋರ್ ಸಾಲಾಗಿ ಆ್ಯಪ್ ಅಪ್‌ಡೇಟ್ ಇಳಿಸತೊಡಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದವರಿಗೆ ಫೋಟೊ ಹೋಗುವ ಮೊದಲೇ ಡೇಟಾ ಖಾಲಿ. ಹಾಗಾಗಿ ಮೊದಲೇ ಪ್ಲೇ ಸ್ಟೋರ್‌ನ ಆಟೊ-ಅಪ್‌ಡೇಟ್ ನಿಲ್ಲಿಸಿ. ಗೂಗಲ್ ಫೋಟೋಸ್‌ನ ಬ್ಯಾಕಪ್ ಫೋಲ್ಡರ್‌ಗಳ ಪಟ್ಟಿಯಲ್ಲಿ ವಾಟ್ಸ್ಯಾಪ್ ಇಮೇಜಸ್ ಆನ್ ಆಗಿದ್ದರೆ ಅದನ್ನೂ ಆಫ್ ಮಾಡಿ. ಬೆಳಗ್ಗೆ ಬಂದ ಶುಭೋದಯದ ಚಿತ್ರಗಳನ್ನು ಕಾಸು ಕೊಟ್ಟು ಕ್ಲೌಡ್‌ಗೆ ಏರಿಸುವ ಅಗತ್ಯವಿಲ್ಲ. ಬ್ಯಾಕಪ್ ಮುಗಿದ ಮೇಲೆ 3ನೇ ಹಂತವನ್ನು ಮೊದಲಿನಂತೆ ಮಾಡಿಡಿ.

ಡೇಟಾ ಸೇವರ್ ಎರಡೂ ಕಡೆ ಕಾಟ ಕೊಡುತ್ತದೆ. ಫೋಟೊ ಇರುವ ಫೋನಿನಲ್ಲಿ ಅದು ಆನ್ ಇದ್ದರೆ ಹಿನ್ನೆಲೆಯ ಬ್ಯಾಕಪ್ ನಿಲ್ಲುತ್ತದೆ. ಹಾಟ್‌ಸ್ಪಾಟ್ ಕೊಡುವ ಫೋನಿನಲ್ಲಿ ಆನ್ ಇದ್ದರೆ ಅನೇಕ ಆ್ಯಂಡ್ರಾಯ್ಡ್‌ಗಳಲ್ಲಿ ಹಾಟ್‌ಸ್ಪಾಟೇ ಆನ್ ಆಗುವುದಿಲ್ಲ.

ಐಫೋನಿನಲ್ಲಿ ಇದೇ ಜಾಗಕ್ಕೆ ಬರುವುದು ಲೋ ಡೇಟಾ ಮೋಡ್. ಸೆಟ್ಟಿಂಗ್ಸ್ › ವೈ-ಫೈ › ಹಾಟ್‌ಸ್ಪಾಟ್ ಹೆಸರಿನ ಪಕ್ಕದ ‘ಐ’ ಗುರುತು › ಲೋ ಡೇಟಾ ಮೋಡ್ ಆಫ್ ಮಾಡಿ. ಬ್ಯಾಟರಿ ಹಳದಿ ಬಣ್ಣದಲ್ಲಿದ್ದರೆ ಲೋ ಪವರ್ ಮೋಡ್ ಆನ್ ಇದೆ ಎಂದರ್ಥ, ಅದೂ ಐಕ್ಲೌಡ್ ಫೋಟೋಸನ್ನು ತಡೆಯುತ್ತದೆ. ಚಾರ್ಜರ್ ಹಾಕಿ, ಸ್ಥಿತಿಯ ಸಾಲಿನಲ್ಲಿ ‘ಸಿಂಕ್ ನೌ’ ಕಂಡರೆ ಒತ್ತಿ. ಐಫೋನಿನಲ್ಲಿ ಗೂಗಲ್ ಫೋಟೋಸ್ ಬಳಸುವವರು ಆ್ಯಪ್ ತೆರೆದಿಟ್ಟೇ ಬ್ಯಾಕಪ್ ಮಾಡುವುದು ಮೇಲು, ಹಿನ್ನೆಲೆಯಲ್ಲಿ ಅದಕ್ಕೆ ಸಿಗುವ ಸಮಯ ಬಹಳ ಕಡಿಮೆ.

ವಿಂಡೋಸ್ ಲ್ಯಾಪ್‌ಟಾಪಿನದು ಸಾಮಾನ್ಯವಾಗಿ ತಿರುಗುಮುರುಗು ಕತೆ. ಹಾಟ್‌ಸ್ಪಾಟನ್ನು ಅದು ಮಾಮೂಲಿ ವೈ-ಫೈ ಎಂದುಕೊಂಡು ವಿಂಡೋಸ್ ಅಪ್‌ಡೇಟ್ ಇಳಿಸಲು ಕೂರುತ್ತದೆ, ಫೋಟೊಗೆ ದಾರಿ ಉಳಿಯುವುದಿಲ್ಲ. ಇಲ್ಲಿ ನಾವು ಹೇಳುವುದು: ವೈ-ಫೈ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ, ಆಮೇಲೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ ನೆಟ್‌ವರ್ಕಿನಲ್ಲಿ ಸಿಂಕ್ ನಿಲ್ಲಿಸು ಎಂಬುದನ್ನು ಆಫ್ ಮಾಡಿ. ಅಪ್‌ಡೇಟ್ ಸುಮ್ಮನಿರುತ್ತದೆ, ಫೋಟೊ ಹೋಗುತ್ತದೆ.

ನೆಟ್‌ವರ್ಕ್ ಎಲ್ಲ ಬಿಟ್ಟು ಜಾಗವೇ ತುಂಬಿರಲೂಬಹುದು. ಗೂಗಲ್‌ನ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಏರಿದ್ದೆಲ್ಲ ಸಾಮಾನ್ಯವಾಗಿ ಅದರ ಲೆಕ್ಕಕ್ಕೇ ಬರುತ್ತದೆ. ಐಕ್ಲೌಡ್‌ನಲ್ಲಿ ಪುಕ್ಕಟೆ 5 ಜಿಬಿ ಮಾತ್ರ.

ಒಪ್ಪಿದರೂ ಆಗದಿದ್ದರೆ

ಮೊದಲು ದಿನದ ಡೇಟಾ ಮುಗಿದಿದೆಯೇ ನೋಡಿ. ನಮ್ಮ ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ದಿನದ ಕೋಟಾ ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಎಂದರೆ ಸೆಕೆಂಡಿಗೆ 8 ಕೆಬಿ. 4 ಎಂಬಿಯ ಒಂದೇ ಫೋಟೊಗೆ ಎಂಟು ನಿಮಿಷದ ಮೇಲೆ ಹಿಡಿಯುತ್ತದೆ, ಅದೂ ಬೇರಾವ ಆ್ಯಪ್ ಬಾಯಿ ಹಾಕದಿದ್ದರೆ. ವಾಟ್ಸ್ಯಾಪ್ ಅಕ್ಷರದ ಮೆಸೇಜು ಈ ವೇಗದಲ್ಲೂ ಬರುವುದರಿಂದ ನೆಟ್ ಇದೆ ಎಂದೇ ಅನಿಸುತ್ತದೆ. ಕೋಟಾ ಮುಗಿದಿದ್ದರೆ ರಾತ್ರಿ 12ರ ನಂತರ ಪ್ರಯತ್ನಿಸಿ. ಅನ್‌ಲಿಮಿಟೆಡ್ 5ಜಿ ಪ್ಯಾಕ್ ಇದ್ದವರೂ ಹಾಟ್‌ಸ್ಪಾಟ್ ಕೊಡುವ ಫೋನಿನ ಮೇಲ್ಪಟ್ಟಿ ನೋಡುತ್ತಿರಬೇಕು. ಮನೆಯೊಳಗೆ 5ಜಿ ಹೋಗಿ 4ಜಿಗೆ ಇಳಿದರೆ ಅಲ್ಲಿಂದ ಮುಂದಿನದು ದಿನದ ಕೋಟಾದಿಂದ ಕತ್ತರಿಸುತ್ತದೆ.

ಕೋಟಾ ಇದೆ, ಆದರೂ ನಿಧಾನ ಎಂದಾದರೆ ಅಪ್‌ಲೋಡ್ ವೇಗ ಅಳೆಯಿರಿ. ಡೌನ್‌ಲೋಡ್ ಅಂಕಿ ಇಲ್ಲಿ ಲೆಕ್ಕಕ್ಕಿಲ್ಲ. ಫಾಸ್ಟ್ ಡಾಟ್ ಕಾಮ್ ತೆರೆದು ‘ಶೋ ಮೋರ್ ಇನ್ಫೋ’ ಒತ್ತಿದರೆ ಅಪ್‌ಲೋಡ್ ತೋರಿಸುತ್ತದೆ. ಮೊದಲು ಹಾಟ್‌ಸ್ಪಾಟ್ ಕೊಡುವ ಫೋನಿನಲ್ಲಿ, ಆಮೇಲೆ ಫೋಟೊ ಇರುವ ಫೋನಿನಲ್ಲಿ. ಎರಡರಲ್ಲೂ ಕಡಿಮೆ ಬಂದರೆ ತೊಂದರೆ ಟವರ್ ಕಡೆ. ಮೊದಲನೆಯದರಲ್ಲಿ ಚೆನ್ನಾಗಿದ್ದು ಎರಡನೆಯದರಲ್ಲಿ ಬಿದ್ದರೆ ತೊಂದರೆ ಎರಡು ಫೋನುಗಳ ನಡುವಿನ ವೈ-ಫೈನಲ್ಲಿ. ಈ ಪರೀಕ್ಷೆಯೇ ಡೇಟಾ ತಿನ್ನುತ್ತದೆ, ಪದೇ ಪದೇ ಮಾಡಬೇಡಿ.

ಬಂದ ಅಂಕಿಯನ್ನು ಹೀಗೆ ಓದಿಕೊಳ್ಳಿ. ಅಪ್‌ಲೋಡ್ 2 ಎಂಬಿಪಿಎಸ್ ಇದ್ದರೆ ನಿಮಿಷಕ್ಕೆ 15 ಎಂಬಿ ಹೋಗುತ್ತದೆ. 4 ಎಂಬಿಯ ಫೋಟೊ ಹದಿನಾರು ಸೆಕೆಂಡಿನಲ್ಲಿ ಮುಗಿಯಿತು. ಆದರೆ ಐಫೋನಿನ 4ಕೆ ವಿಡಿಯೊ, ಸೆಕೆಂಡಿಗೆ 30 ಫ್ರೇಮ್‌ನದು, ನಿಮಿಷಕ್ಕೆ ಸುಮಾರು 170ರಿಂದ 190 ಎಂಬಿ ತೂಗುತ್ತದೆ. ಧಾರೆಯ ಮೂರು ನಿಮಿಷದ ಒಂದು ತುಣುಕಿಗೆ ಅರ್ಧ ಗಂಟೆಯ ಮೇಲೆಯೇ ಬೇಕಾಗಬಹುದು, 1.5 ಜಿಬಿಯ ಮೂರನೇ ಒಂದು ಪಾಲೂ ಹೋಯಿತು. ಉಳಿದ ಲೆಕ್ಕ 214ರಲ್ಲೇ ನಿಂತಿದೆ ಎಂದು ಕಾಣುವಾಗ ಬಹಳ ಸಲ ಒಳಗೆ ಇಂಥದೊಂದು ವಿಡಿಯೊ ಏರುತ್ತಿರುತ್ತದೆ. ಅದು ಕೆಟ್ಟು ನಿಂತದ್ದಲ್ಲ. ತುರ್ತು ಫೋಟೊಗಳಿದ್ದರೆ ಅವನ್ನು ಒಂದೊಂದಾಗಿ ತೆರೆದು ಬ್ಯಾಕಪ್ ಆಯ್ಕೆ ಒತ್ತಿ ಮೊದಲು ಕಳಿಸಿ. ವಿಡಿಯೊ ಯಾವುದಾದರೂ ಬ್ರಾಡ್‌ಬ್ಯಾಂಡ್ ಇರುವ ಮನೆಗೆ ಹೋದಾಗ ಆಗಲಿ. ಗೂಗಲ್ ಫೋಟೋಸ್‌ನಲ್ಲಿ ‘ಸ್ಟೋರೇಜ್ ಸೇವರ್’ ಗುಣಮಟ್ಟ ಆರಿಸಿದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊ ಅಷ್ಟಕ್ಕೆ ಇಳಿಯುತ್ತದೆ. ದೊಡ್ಡ ಪ್ರಿಂಟ್ ಹಾಕಿಸುವ ಯೋಚನೆ ಇಲ್ಲದವರಿಗೆ ಅದು ಸಾಕು.

ಡೌನ್‌ಲೋಡ್ ಜೋರಾಗಿದ್ದೂ ಅಪ್‌ಲೋಡ್ ತೆವಳುವುದೇಕೆ? ಟವರಿನ ಆ್ಯಂಟೆನಾ ಹತ್ತಾರು ವಾಟ್‌ನಲ್ಲಿ ಕೂಗುತ್ತದೆ. ನಿಮ್ಮ 4ಜಿ ಫೋನು ಗಂಟಲು ಹರಿದುಕೊಂಡರೂ ಸಾಮಾನ್ಯವಾಗಿ 0.2 ವಾಟ್. ಮೇಲಿನ ಸಿಗ್ನಲ್ ಕಡ್ಡಿಗಳು ತೋರಿಸುವುದು ಟವರಿನ ದನಿ ಫೋನಿಗೆ ಎಷ್ಟು ಕೇಳುತ್ತಿದೆ ಎಂದು. ಫೋನಿನ ದನಿ ಟವರಿಗೆ ಕೇಳುತ್ತಿದೆಯೇ ಎಂಬುದನ್ನು ಅವು ಹೇಳುವುದಿಲ್ಲ. ಸಿಗ್ನಲ್ ಸೊರಗಿದಲ್ಲಿ ಮೊದಲು ಸಾಯುವುದು ಅಪ್‌ಲೋಡ್. ಜೊತೆಗೆ ನಮ್ಮಲ್ಲಿ 4ಜಿಯ 2300 ಮತ್ತು 5ಜಿಯ 3500 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಒಂದೇ ತರಂಗಾಂತರವನ್ನು ಇಳಿಕೆ–ಏರಿಕೆಗೆ ಸಮಯ ಹಂಚಿ ಬಳಸುತ್ತಾರೆ, ಹೆಚ್ಚಿನ ಪಾಲು ಇಳಿಕೆಗೆ.

ಇಲ್ಲಿ ಹಾಟ್‌ಸ್ಪಾಟ್‌ಗೆ ಒಂದು ಅನುಕೂಲ ಇದೆ, ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ. ಎರಡು ಫೋನೂ ಒಂದೇ ಮೇಜಿನ ಮೇಲೆ ಇರಬೇಕಿಲ್ಲ. ಮಲೆನಾಡಿನ ಮನೆಗಳಲ್ಲಿ ನೆಟ್‌ವರ್ಕ್ ಸಿಗುವ ಜಾಗ ಮಾಳಿಗೆಯ ಒಂದು ಕಿಟಕಿಯೋ ಅಂಗಳದ ಮೂಲೆಯೋ ಆಗಿರುತ್ತದೆ. ಹಾಟ್‌ಸ್ಪಾಟ್ ಕೊಡುವ ಫೋನನ್ನು ಆ ಕಿಟಕಿಯಲ್ಲಿಟ್ಟು ಅಲ್ಲೇ ಚಾರ್ಜಿಗೆ ಹಾಕಿ, ಫೋಟೊ ಇರುವ ಫೋನನ್ನು ನಾಲ್ಕೈದು ಮೀಟರ್ ಒಳಗೆ ನೀವಿರುವಲ್ಲಿ ಇಟ್ಟುಕೊಳ್ಳಿ. ನಡುವೆ ದಪ್ಪ ಗೋಡೆ ಇದ್ದರೆ ಹಾಟ್‌ಸ್ಪಾಟ್ ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ. ಐಫೋನಿನಲ್ಲಿ ಇದರ ಸ್ವಿಚ್ಚಿನ ಹೆಸರು ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’. ಒಂದೇ ಕೋಣೆ ಆದರೆ 5 ಗಿಗಾಹರ್ಟ್ಸ್. ಹಳೆಯ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಹೆಸರೇ ಕಾಣದಿದ್ದರೆ ಅದಕ್ಕೆ 5 ಗಿಗಾಹರ್ಟ್ಸ್ ಹಿಡಿಯಲು ಬಾರದು ಎಂದೇ ಮೊದಲು ಅನುಮಾನಿಸಿ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿದರೆ ಈ ಬ್ಯಾಂಡ್ ತಕರಾರೇ ಇಲ್ಲ.

ಅರ್ಧ ಗಂಟೆ ಓಡಿ ನಿಲ್ಲುವುದಾದರೆ ಹಾಟ್‌ಸ್ಪಾಟ್ ಕೊಡುವ ಫೋನನ್ನು ಮುಟ್ಟಿ ನೋಡಿ. ಟವರ್ ಕಡೆಗೆ ಪೂರ್ತಿ ಶಕ್ತಿ, ಒಳಗೆ ವೈ-ಫೈ, ಜೊತೆಗೆ ಚಾರ್ಜಿಂಗ್: ಮೂರೂ ಸೇರಿ ಫೋನು ಬಿಸಿಯಾಗುತ್ತದೆ, ಬಿಸಿಯಾದದ್ದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಕವರ್ ತೆಗೆಯಿರಿ, ಕಿಟಕಿಯ ಬಿಸಿಲಿನಿಂದ ಸರಿಸಿ, ಫ್ಯಾನ್ ಗಾಳಿ ತಾಗಲಿ. ತಣ್ಣಗಿದ್ದೂ ಹಾಟ್‌ಸ್ಪಾಟ್ ಆಫ್ ಆಗಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಯಾರೂ ಸೇರಿಲ್ಲದಾಗ ತಾನಾಗಿ ಆಫ್ ಆಗುವ ಆಯ್ಕೆ ಇರುತ್ತದೆ, ಅದನ್ನು ತೆಗೆದುಹಾಕಿ. ವಿಪಿಎನ್ ಅಥವಾ ಜಾಹೀರಾತು ತಡೆಯುವ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡವರು ಒಮ್ಮೆ ಅದಿಲ್ಲದೆ ನೋಡಿ. ತಾರೀಖು–ಸಮಯ ತಪ್ಪಿದ್ದರೂ ಸುರಕ್ಷಿತ ಸಂಪರ್ಕವೇ ಏರ್ಪಡದೆ ಏನೂ ಏರುವುದಿಲ್ಲ. ಬಹಳ ದಿನ ಬಿದ್ದಿದ್ದ ಹಳೆ ಟ್ಯಾಬ್‌ಗಳಲ್ಲಿ ಇದು ಆಗುವುದುಂಟು.

ಅಳಿಸುವ ಮುನ್ನ

ಫೋನಿನ ಜಾಗ ತುಂಬಿದೆ ಎಂದು ಅರ್ಧ ಬ್ಯಾಕಪ್ ಆದಾಗಲೇ ಗ್ಯಾಲರಿಯಿಂದ ಕೈಯಾರೆ ಅಳಿಸಬೇಡಿ. ಐಕ್ಲೌಡ್ ಫೋಟೋಸ್‌ನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ, ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ 30 ದಿನ ಉಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದಕ್ಕೆ ಕಸದ ಬುಟ್ಟಿಯಲ್ಲಿ 60 ದಿನ. ಗೂಗಲ್‌ನ ‘ಫ್ರೀ ಅಪ್ ಸ್ಪೇಸ್’ ಬ್ಯಾಕಪ್ ಆದವನ್ನಷ್ಟೇ ಫೋನಿನಿಂದ ತೆಗೆಯುತ್ತದೆ, ಅದನ್ನೇ ಬಳಸಿ. ಒತ್ತುವ ಮೊದಲು ಬೇರೊಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಅದೇ ಖಾತೆಯಿಂದ ಫೋಟೋಸ್ ವೆಬ್‌ಸೈಟ್ ತೆರೆದು ಆ ದಿನದ ಮೊದಲ ಫೋಟೊ, ಕೊನೆಯ ಫೋಟೊ, ನಡುವಿನ ಅತಿ ಉದ್ದದ ವಿಡಿಯೊ ಮೂರೂ ಇವೆಯೇ ನೋಡಿ. ವಿಡಿಯೊವನ್ನು ಕೊನೆಯ ಹತ್ತು ಸೆಕೆಂಡಿಗೆ ಎಳೆದು ಓಡಿಸಿ.