ತಪಾಸಣೆಯಲ್ಲಿ ಪರದಾಡದಂತೆ ಕ್ಯಾಬಿನ್ ಬ್ಯಾಗ್ ಜೋಡಿಸುವುದು ಹೇಗೆ?

ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಪಡುವ ಪೇಚಾಟದ ಬಹುಪಾಲು ಮನೆಯಲ್ಲಿ ಬ್ಯಾಗ್ ತುಂಬುವಾಗಲೇ ಶುರುವಾಗಿರುತ್ತದೆ. ಹೋಗಿ ಸೇರಿದ ಮೇಲೆ ಮೊದಲು ಏನು ಬೇಕು ಎಂದು ಯೋಚಿಸಿ ತುಂಬುತ್ತೇವೆ. ತಪಾಸಣೆಯವರು ಮೊದಲು ಕೇಳುವ ಲ್ಯಾಪ್‌ಟಾಪ್ ತಳ ಸೇರಿರುತ್ತದೆ, ಶಾಂಪೂ ಬಟ್ಟೆಯ ಮಡಿಕೆಯಲ್ಲಿ ಅಡಗಿರುತ್ತದೆ. ಬೆಲ್ಟಿನ ಮುಂದೆ ನಿಂತು ಅವನ್ನು ಹುಡುಕಿ ತೆಗೆಯುವಷ್ಟರಲ್ಲಿ ಹಿಂದಿನವರ ಸಹನೆ ಮುಗಿದಿರುತ್ತದೆ. ಈ ನಿಯಮಗಳು ನಮ್ಮನ್ನು ಕಾಡಲೆಂದು ಹುಟ್ಟಿದವಲ್ಲ. ಮುಖ್ಯವಾದವುಗಳ ಹಿಂದೆ ಒಂದೊಂದು ಘಟನೆ ಇದೆ. ಕಾರಣ ಗೊತ್ತಿದ್ದರೆ ಪಟ್ಟಿಯಲ್ಲಿ ಇಲ್ಲದ ವಸ್ತುವನ್ನು ಎಲ್ಲಿಡಬೇಕೆಂದೂ ಊಹಿಸಬಹುದು.

ಮೊದಲು, ಯಾರ ನಿಯಮ ಎಂದು ನೋಡಿ

ಬ್ಯಾಗಿನ ತೂಕ ಮತ್ತು ಅಳತೆ ವಿಮಾನಯಾನ ಸಂಸ್ಥೆಗೆ ಬಿಟ್ಟದ್ದು. ಒಳಗೆ ಏನಿರಬಾರದು ಎಂಬುದನ್ನು ಹೇಳುವವರು ಭದ್ರತೆಯವರು. ಕೌಂಟರಿನಲ್ಲಿ ಯಾರೂ ತಕರಾರು ಮಾಡದ ಬ್ಯಾಗ್ ತಪಾಸಣೆಯಲ್ಲಿ ನಿಲ್ಲುವುದು ಇದರಿಂದಲೇ. ಅನೇಕ ಸಂಸ್ಥೆಗಳ ಮಿತಿ 7 ಕೆ.ಜಿ.; ಕೆಲವು ಅಗ್ಗದ ಟಿಕೆಟ್‌ಗಳಲ್ಲಿ ಸೀಟಿನಡಿ ಹಿಡಿಸುವ ಚಿಕ್ಕ ಚೀಲಕ್ಕೆ ಮಾತ್ರ ಅವಕಾಶ. ಅಳತೆಯಲ್ಲಿ ಚಕ್ರ, ಹಿಡಿಕೆಗಳೂ ಸೇರುತ್ತವೆ. ನಡುವೆ ವಿಮಾನ ಬದಲಿಸುವುದಿದ್ದರೆ ಇಡೀ ಪ್ರಯಾಣದಲ್ಲಿ ಯಾವ ನಿಯಮ ಅತಿ ಬಿಗಿಯೋ ಅದಕ್ಕೆ ತಕ್ಕಂತೆ ತುಂಬಿ. ನಡುವಿನ ನಿಲ್ದಾಣದಲ್ಲಿ ಮತ್ತೆ ತಪಾಸಣೆ ಆಗುವುದು ಸಾಮಾನ್ಯ.

ದ್ರವಗಳಿಗೆ ಪ್ರತ್ಯೇಕ ಚೀಲ

ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಸಾಗಿಸಿ, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಆಕಾಶದಲ್ಲೇ ಸ್ಫೋಟಿಸುವ ಸಂಚನ್ನು ಬ್ರಿಟನ್ನಿನ ಪೊಲೀಸರು 2006ರ ಆಗಸ್ಟ್‌ನಲ್ಲಿ ಬಯಲಿಗೆಳೆದರು. ಮೊದಲಿಗೆ ಬಹುತೇಕ ಎಲ್ಲ ದ್ರವಗಳಿಗೂ ನಿಷೇಧ ಬಂತು. ಅದನ್ನು ಬಹುಕಾಲ ಮುಂದುವರಿಸಲು ಆಗದೆ, ಅದೇ ವರ್ಷ ಅಮೆರಿಕ ಮತ್ತು ಯುರೋಪು ಈಗಿನ ರಾಜಿ ಸೂತ್ರಕ್ಕೆ ಬಂದವು: ಒಂದೊಂದು ಡಬ್ಬಿ ಸುಮಾರು 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರ್‌ನಷ್ಟು ಹಿಡಿಸುವ ಒಂದೇ ಪಾರದರ್ಶಕ ಚೀಲದಲ್ಲಿರಬೇಕು.

ಜನ ಎಡವುವುದು ಎರಡು ಕಡೆ. ಲೆಕ್ಕಕ್ಕೆ ಬರುವುದು ಡಬ್ಬಿಯ ಮೇಲೆ ಬರೆದ ಅಳತೆಯೇ ಹೊರತು ಒಳಗೆ ಉಳಿದಿರುವ ಪದಾರ್ಥವಲ್ಲ. 150 ಮಿ.ಲೀ. ಟ್ಯೂಬಿನ ತುದಿಯಲ್ಲಿ ಒಂದೆರಡು ಸಲಕ್ಕಾಗುವಷ್ಟು ಟೂತ್‌ಪೇಸ್ಟ್ ಉಳಿದಿದ್ದರೂ ಅದು ಕಸದ ಬುಟ್ಟಿಗೆ ಹೋಗುತ್ತದೆ. ಇನ್ನೊಂದು, ದ್ರವವೆಂದರೆ ನೀರಿನಂತೆ ಹರಿಯುವುದು ಮಾತ್ರ ಎಂಬ ಭಾವನೆ. ಜೆಲ್, ಕ್ರೀಮ್, ಜಾಮ್, ಜೇನುತುಪ್ಪ, ಸ್ಪ್ರೇ ಎಲ್ಲವೂ ಇದರಲ್ಲಿ ಬರುತ್ತವೆ. ಹಿಸುಕಿದರೆ, ಸವರಿದರೆ, ಸುರಿದರೆ ಆಕಾರ ಬದಲಿಸುವುದೆಲ್ಲ ದ್ರವವೆಂದು ಭಾವಿಸಿಕೊಂಡರೆ ಸಾಕು.

ಹಸುಗೂಸಿನ ಹಾಲು ಮತ್ತು ಅಗತ್ಯ ಔಷಧಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಆದರೆ ಅವನ್ನು ಬ್ಯಾಗಿನಲ್ಲೇ ಬಿಟ್ಟು ಸುಮ್ಮನಿರಬಾರದು; ಹೊರತೆಗೆದು, ಇಂಥದ್ದು ಎಂದು ಮೊದಲೇ ತಿಳಿಸಬೇಕು. ಔಷಧಿ ಅದರ ಮೂಲ ಪೊಟ್ಟಣದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿಯೂ ಇರಲಿ. ಖಾಲಿ ನೀರಿನ ಬಾಟಲಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಒಳಗೆ ಹೋದ ಮೇಲೆ ತುಂಬಿಸಿಕೊಳ್ಳಬಹುದು. ಸುಂಕರಹಿತ ಮಳಿಗೆಯಲ್ಲಿ ಕೊಂಡ ದ್ರವದ ಮೊಹರು ಮಾಡಿದ ಚೀಲವನ್ನು ಕೊನೆಯ ನಿಲ್ದಾಣದವರೆಗೆ ಬಿಚ್ಚಬೇಡಿ, ರಸೀದಿಯನ್ನೂ ಕಳೆದುಕೊಳ್ಳಬೇಡಿ.

ಈ ಮಿತಿ ಶಾಶ್ವತವಲ್ಲ. ವಸ್ತುವನ್ನು ಎಲ್ಲ ಕೋನಗಳಿಂದಲೂ ತಿರುಗಿಸಿ ನೋಡಲು ಅನುವು ಮಾಡುವ ಸಿ.ಟಿ. ಸ್ಕ್ಯಾನರ್‌ಗಳು ಬಂದಿವೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಿಲ್ದಾಣ 2025ರ ಜುಲೈನಲ್ಲಿ 2 ಲೀಟರ್‌ವರೆಗಿನ ಬಾಟಲಿಗೆ ಅವಕಾಶ ಕೊಟ್ಟಿತು. ಆದರೂ ಮರಳಿ ಹೊರಡುವ ನಿಲ್ದಾಣದಲ್ಲಿ ಹಳೆಯ ಯಂತ್ರವೇ ಇರಬಹುದು. ಹಾಗಾಗಿ ಸದ್ಯಕ್ಕೆ 100 ಮಿ.ಲೀ. ಲೆಕ್ಕವನ್ನೇ ಹಿಡಿಯುವುದು ಕ್ಷೇಮ.

ಪವರ್ ಬ್ಯಾಂಕ್ ಬ್ಯಾಗಿನಲ್ಲಿ ಎಲ್ಲಿದೆ ಎಂಬುದು ನೆನಪಿರಲಿ

ಇಲ್ಲಿ ನಿಯಮ ತಿರುಗುಮುರುಗು. ಹರಿತವಾದದ್ದು, ದೊಡ್ಡ ಬಾಟಲಿ ಇತ್ಯಾದಿ ಚೆಕ್-ಇನ್ ಲಗೇಜಿಗೆ ಹೋಗಬೇಕಾದರೆ, ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೈಯಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಬಿಸಿಯೇರಿ ಹೊತ್ತಿಕೊಂಡರೆ ತನ್ನ ಉರಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಸರಕಿನ ವಿಭಾಗದ ಅಗ್ನಿಶಾಮಕ ಅನಿಲಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ. ಕ್ಯಾಬಿನ್‌ನಲ್ಲಾದರೆ ಸಿಬ್ಬಂದಿ ಕಂಡ ಕೂಡಲೇ ನೀರು ಸುರಿದು ತಣಿಸಬಹುದು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹೊರಡುವ ಮೊದಲೇ ಹೊತ್ತಿ ಉರಿಯಿತು, ಒಳಗಿದ್ದವರೆಲ್ಲ ಪಾರಾದರು. ತನಿಖೆಯ ಬೆರಳು ಪವರ್ ಬ್ಯಾಂಕಿನತ್ತ ತಿರುಗಿತು. ಆಮೇಲೆ ಆ ದೇಶ, ಅದನ್ನು ತಲೆಯ ಮೇಲಿನ ಕಪಾಟಿನಲ್ಲಿ ಇಡದೆ ಕೈಗೆಟಕುವಂತೆ ಇಟ್ಟುಕೊಳ್ಳಬೇಕೆಂದು ಕಡ್ಡಾಯ ಮಾಡಿತು.

ನಿಮ್ಮದನ್ನು ಒಮ್ಮೆ ಮಗುಚಿ ನೋಡಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸಾಮರ್ಥ್ಯ ಬರೆದಿರುತ್ತದೆ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. 100ರಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು, ಅದಕ್ಕೂ ಮೇಲಿನದನ್ನು ಒಯ್ಯುವಂತಿಲ್ಲ. ಮಿಲಿಆಂಪ್-ಅವರ್ ಮಾತ್ರ ಬರೆದಿದ್ದರೆ ಅದನ್ನು 1000ದಿಂದ ಭಾಗಿಸಿ, ಬ್ಯಾಟರಿಯ ವೋಲ್ಟೇಜಿನಿಂದ, ಅಂದರೆ ಸಾಮಾನ್ಯವಾಗಿ 3.7ರಿಂದ, ಗುಣಿಸಿ. 20,000ದ್ದು 74 ವ್ಯಾಟ್-ಅವರ್ ಆಗುತ್ತದೆ. 30,000ದ್ದು 111 ಆಗಿ ಮಿತಿ ದಾಟುತ್ತದೆ. ಅಕ್ಷರ ಅಳಿಸಿಹೋಗಿದ್ದರೆ ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ, ಬಿಟ್ಟೇ ಹೊರಡಿ. ಊದಿಕೊಂಡದ್ದನ್ನಂತೂ ಮುಟ್ಟಲೇಬೇಡಿ.

ಬಹಳ ಮಂದಿ ಮರೆಯುವ ಘಳಿಗೆಯೊಂದಿದೆ. ವಿಮಾನ ತುಂಬಿದ್ದರೆ ಬಾಗಿಲ ಬಳಿ ಸಿಬ್ಬಂದಿ ನಿಮ್ಮ ಕ್ಯಾಬಿನ್ ಬ್ಯಾಗನ್ನೇ ಪಡೆದು ಕೆಳಗೆ ಸರಕಿಗೆ ಕಳಿಸುತ್ತಾರೆ. ಆಗ ಪವರ್ ಬ್ಯಾಂಕ್ ಹೊರಗೆ ಬರಲೇಬೇಕು. ಅದನ್ನೂ ಔಷಧಿಯನ್ನೂ ಒಂದು ಪುಟ್ಟ ಚೀಲದಲ್ಲಿ ಮೇಲಿಟ್ಟಿದ್ದರೆ ಅಷ್ಟನ್ನೇ ಎತ್ತಿಕೊಂಡು ಹತ್ತಬಹುದು.

ಪರದೆಯ ಮುಂದೆ ಕೂತವರ ಕಣ್ಣಿನಿಂದ ಜೋಡಿಸಿ

ಎಕ್ಸ್-ರೇ ಪರದೆಯ ಮೇಲೆ ಬಟ್ಟೆ, ಆಹಾರ, ಕಾಗದದಂಥ ಸಾವಯವ ವಸ್ತುಗಳು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ, ಲೋಹ ನೀಲಿಯಾಗಿ, ಇವೆರಡರ ನಡುವಿನವು ಹಸಿರಾಗಿ. ಕಿರಣ ತೂರಲಾರದ ಜಾಗ ಕಪ್ಪು. ಅನೇಕ ಸ್ಫೋಟಕಗಳೂ ಕಿತ್ತಳೆಯಾಗಿಯೇ ಕಾಣುವುದರಿಂದ ದಪ್ಪ ಪುಸ್ತಕಗಳ ಅಟ್ಟಿಯೋ ಒತ್ತಿ ತುಂಬಿದ ತಿಂಡಿಯ ಡಬ್ಬಿಯೋ ಅನುಮಾನಕ್ಕೆ ಎಡೆಕೊಡುತ್ತದೆ. ಅದರ ಮೇಲೆ ಚಾರ್ಜರ್ ವೈರುಗಳ ಗಂಟು ಬಿದ್ದಿದ್ದರಂತೂ ಬ್ಯಾಗ್ ಪಕ್ಕಕ್ಕೆ ಸರಿಯುವುದು ಖಚಿತ.

ಆ ಕುರ್ಚಿಯ ಕೆಲಸ ಹಗುರವಲ್ಲ. ಕಣ್ಣು ದಣಿಯುತ್ತದೆಂದು ಯುರೋಪಿನ ನಿಯಮದಲ್ಲಿ ಸಾಮಾನ್ಯವಾಗಿ ಸತತ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಚಿತ್ರ ನೋಡಿಸುವುದಿಲ್ಲ. ಎಚ್ಚರ ತಪ್ಪದಿರಲೆಂದು ಯಂತ್ರವೇ ಆಗಾಗ ಇಲ್ಲದ ಬಂದೂಕಿನ ಚಿತ್ರವನ್ನು ಯಾರದೋ ಬ್ಯಾಗಿನೊಳಗೆ ತೋರಿಸಿ ಪರೀಕ್ಷಿಸುವ ವ್ಯವಸ್ಥೆಯೂ ಇದೆ. ಅವರಿಗೆ ಸ್ಪಷ್ಟ ಚಿತ್ರ ಕೊಡುವುದು ನಮ್ಮ ಅನುಕೂಲಕ್ಕೂ ಒಳ್ಳೆಯದು. ಬಟ್ಟೆಯನ್ನು ತಳದಲ್ಲಿ ಹರಡಿ, ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸದೆ ಪಕ್ಕಪಕ್ಕ ಇಡಿ, ವೈರುಗಳನ್ನು ಸುತ್ತಿ ಒಂದು ಮೂಲೆಗೆ ಹಾಕಿ. ಲ್ಯಾಪ್‌ಟಾಪ್ ಮತ್ತು ದ್ರವದ ಚೀಲ ಒಂದೇ ಜಿಪ್ ಎಳೆದರೆ ಸಿಗುವಂತಿರಲಿ.

ಸಾಲಿನಲ್ಲಿ

ಕೈಗಡಿಯಾರ, ನಾಣ್ಯ, ಮೊಬೈಲ್‌ಗಳನ್ನು ಸರದಿ ಬರುವ ಮೊದಲೇ ಬ್ಯಾಗಿನೊಳಗೆ ಹಾಕಿ. ಟ್ರೇಯಲ್ಲಿ ಬಿಡಿಯಾಗಿ ಇಟ್ಟದ್ದೇ ಮರೆತುಹೋಗುವುದು. ಶೂ ಬಿಚ್ಚುವ ವಿಷಯದಲ್ಲಿ ಅಲ್ಲಿನವರು ಹೇಳಿದಂತೆ ನಡೆಯಿರಿ: 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂನಲ್ಲಿ ಬಾಂಬ್ ಅಡಗಿಸಿ ವಿಮಾನ ಹತ್ತಿದ ಮೇಲೆ ಬಂದ ಈ ಪದ್ಧತಿಯನ್ನು ಅಮೆರಿಕ 2025ರ ಜುಲೈನಲ್ಲಿ ಕೈಬಿಟ್ಟಿತು, ಬೇರೆಡೆ ಇನ್ನೂ ಇರಬಹುದು. ಪೇಸ್‌ಮೇಕರ್ ಇದ್ದವರು ಲೋಹಶೋಧಕ ಬಾಗಿಲು ದಾಟುವ ಮೊದಲೇ ತಿಳಿಸಬೇಕು. ಮರೆಯಲ್ಲಿ ತಪಾಸಣೆ ಬೇಕೆಂದು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ಮೊದಲ ಬಾರಿಗೆ ಹೊರಟ ವಯಸ್ಸಾದವರು ಕೈಯಲ್ಲಿದ್ದುದನ್ನು ಬುಟ್ಟಿಗೆ ಹಾಕಿ ಪೆಚ್ಚಾಗಿ ನಿಲ್ಲುವುದನ್ನು ನೋಡಿದಾಗ ನನಗೆ ತುಂಬ ಬೇಸರವಾಗುತ್ತದೆ. ಎಚ್ಚರಿಕೆಯ ಫಲಕ ತಪಾಸಣೆಯ ಬಾಗಿಲಲ್ಲಿದ್ದರೆ ಏನು ಬಂತು? ಅಷ್ಟು ಹೊತ್ತಿಗೆ ದೊಡ್ಡ ಪೆಟ್ಟಿಗೆ ಕೌಂಟರಿನಿಂದ ಹೋಗಿಯಾಗಿರುತ್ತದೆ. ಆ ಫಲಕ ಕೌಂಟರಿಗಿಂತ ಮೊದಲು, ಪ್ರಯಾಣಿಕರು ಓದಬಲ್ಲ ಭಾಷೆಯಲ್ಲಿ ಇರಬೇಕು. ಅದಾಗುವವರೆಗೆ ಮನೆಯವರೇ ಹಿಂದಿನ ದಿನ ಅವರೊಂದಿಗೆ ಕೂತು ಬ್ಯಾಗ್ ನೋಡಿಕೊಡುವುದು ಒಳ್ಳೆಯದು.

ಏನಾದರೂ ತಡೆದರೆ, ಎಸೆಯುವ ಮೊದಲು ಸಿಬ್ಬಂದಿಯನ್ನು ಕೇಳಿ. ಸಮಯವಿದ್ದರೆ ಹಿಂದಕ್ಕೆ ಹೋಗಿ ಚೆಕ್-ಇನ್‌ಗೆ ಕೊಡಲು, ಕಳುಹಿಸಲು ಬಂದವರ ಕೈಗೆ ಒಪ್ಪಿಸಲು ಸಾಧ್ಯವಾಗಬಹುದು. ಕೆಲವು ನಿಲ್ದಾಣಗಳಲ್ಲಿ ಅಂಚೆಯ ಮೂಲಕ ಮನೆಗೆ ಕಳಿಸುವ ಸೌಲಭ್ಯವೂ ಇರುತ್ತದೆ. ಇದಕ್ಕೆಲ್ಲ ಕೈಯಲ್ಲಿ ಅರ್ಧ ಗಂಟೆಯಾದರೂ ಹೆಚ್ಚುವರಿಯಾಗಿ ಇರುವಂತೆ ಮನೆಯಿಂದ ಹೊರಡಿ.